ಲಸಿಕೆ ಹಿಡಿಯದ ಮಕ್ಕಳು

ಎಂಬತ್ತರ ದಶಕದ ಕೊನೆಯ ಭಾಗದಲ್ಲಿ ಒಂದು ಚಳಿಗಾಲ ಮತ್ತು ಒಂದು ಬೇಸಿಗೆ ನಾನು ಮಕ್ಕಳ ರಕ್ತ ತೆಗೆಯುತ್ತ ತಿರುಗಿದೆ. ಇಳಕಲ್ಲ, ಹುನಗುಂದ, ಬಾದಾಮಿ, ಅವುಗಳ ನಡುವಿನ ಹಳ್ಳಿಗಳು. ದಡಾರದ ಲಸಿಕೆ ಇನ್ನೂ ಎಲ್ಲ ಕಡೆ ಬಂದಿರದ ಕಾಲದಲ್ಲೇ ನಮ್ಮ ಕಾಲೇಜಿನವರು ಈ ಭಾಗದಲ್ಲಿ ಶಿಬಿರ ಹೂಡಿ ಊರೂರಿನ ಸಣ್ಣ ಮಕ್ಕಳಿಗೆಲ್ಲ ಅದನ್ನು ಚುಚ್ಚಿದ್ದರು. ಆ ಮಕ್ಕಳು ಈಗ ಶಾಲೆಗೆ ಹೋಗುವಷ್ಟು ದೊಡ್ಡವರಾಗಿದ್ದರು. ಅಂದು ಚುಚ್ಚಿದ ಲಸಿಕೆಯ ಬಲ ಅವರ ಮೈಯಲ್ಲಿ ಇನ್ನೂ ಉಳಿದಿದೆಯೇ ಎಂದು ನೋಡುವುದು ನನ್ನ ಕೆಲಸ. ಎಂ.ಡಿ. ಓದುತ್ತಿದ್ದ ನನಗೆ ಪ್ರಬಂಧದ ವಿಷಯವೂ ಅದೇ.

ಶಿಬಿರದ ನಂತರದ ಬೇಸಿಗೆಗಳಲ್ಲಿ ಈ ಕಡೆ ದಡಾರ ಹೆಚ್ಚಾಗಿ ಕಾಣಿಸಿರಲಿಲ್ಲ. ಜನ ಅದನ್ನು ಗೊಬ್ಬರ ಎನ್ನುತ್ತಾರೆ. 'ಈಗ ಗೊಬ್ಬರ ಏಳೂದ ನಿಂತೈತ್ರಿ' ಎಂದು ಹೋದಲ್ಲೆಲ್ಲ ಹೇಳುತ್ತಿದ್ದರು. ನಾನು ಅದನ್ನು ಲಸಿಕೆಯ ಗೆಲುವೆಂದೇ ತಿಳಿದಿದ್ದೆ. ರೋಗ ಬಾರದೆ ಹೋದರೆ ಇನ್ನೊಂದು ಅಪಾಯವೂ ಕೂಡುತ್ತ ಹೋಗುತ್ತದೆ. ಲಸಿಕೆ ಹಿಡಿಯದ ಮಗು ರೋಗಕ್ಕೂ ಸಿಗದೆ, ಯಾವ ಕಾವಲೂ ಇಲ್ಲದೆ ದೊಡ್ಡದಾಗುತ್ತದೆ. ಪುಸ್ತಕದಲ್ಲಿ ಇದನ್ನು ಓದಿದ್ದೆ. ಅಂಥ ಮಕ್ಕಳನ್ನು ಕಣ್ಣಾರೆ ಕಂಡಿರಲಿಲ್ಲ.

ಇಳಕಲ್ಲಿನ ನೇಕಾರರ ಓಣಿಯಲ್ಲಿ ಮಗ್ಗದ ಸದ್ದು ನಿಲ್ಲಿಸಿ ಮಾತಾಡಿಸುವುದೇ ಒಂದು ಕೆಲಸ. ಅಲ್ಲಿ ಒಬ್ಬ ಹೆಂಗಸು ಮಡಿಲಲ್ಲಿ ಸಣ್ಣ ಕೂಸು ಇಟ್ಟುಕೊಂಡು ರಾಟಿಗೆ ರೇಷ್ಮೆ ನೂಲು ಸುತ್ತುತ್ತಿದ್ದಳು. ನಾನು ಬಂದ ಕಾರಣ ಕೇಳಿ, ರಾಟಿ ನಿಲ್ಲಿಸದೆಯೇ ಅಂದಳು.

"ಆವಾಗ ಸೂಜಿ ಚುಚ್ಚಿ ಔಷಧ ಹಾಕಿದ್ರಿ. ಈಗ ಸೂಜಿ ಚುಚ್ಚಿ ರಕ್ತ ತೆಗೀತೀರಿ. ಹಾಕಿದ್ದನ್ನ ತಿರುಗಿ ಒಯ್ಯಾಕ ಬಂದೀರೇನ್ರಿ?"

"ಇಲ್ಲವ್ವಾ. ಹಾಕಿದ್ದು ಇನ್ನೂ ಐತೋ ಇಲ್ಲೋ ನೋಡಾಕ ಬಂದೇನಿ."

"ಇಲ್ಲಂದ್ರ?"

ಆ ಪ್ರಶ್ನೆಗೆ ನಮ್ಮ ಯೋಜನೆಯಲ್ಲಿ ಉತ್ತರವೇ ಇರಲಿಲ್ಲ. ಮೊದಲ ರಕ್ತ ಈಗ, ಎರಡನೆಯದು ಬೇಸಿಗೆ ಕಳೆದ ಮೇಲೆ. ನಡುವೆ ಆ ಮಕ್ಕಳಿಗೆ ಯಾವ ಲಸಿಕೆಯನ್ನೂ ಹಾಕಕೂಡದು, ಹಾಕಿದರೆ ಎರಡು ರಕ್ತಗಳನ್ನು ಹೋಲಿಸಲು ಬರುವುದಿಲ್ಲ. ಇಷ್ಟೇ ನನಗೆ ಹೇಳಿಕೊಟ್ಟಿದ್ದರು. "ದೊಡ್ಡ ಡಾಕ್ಟರಿಗೆ ಕೇಳ್ತೇನಿ" ಎಂದೆ.

ಅವಳು ಮೊದಲು ಐಹೊಳೆಯ ಕಡೆಯ ಹೊಳೆದಂಡೆಯ ಹಳ್ಳಿಯೊಂದರಲ್ಲಿ ಇದ್ದವಳು. ಗಂಡ ಸತ್ತ ಮೇಲೆ ನೂಲು ಸುತ್ತುವ ಕೂಲಿಗೆ ಇಳಕಲ್ಲಿಗೆ ಬಂದಿದ್ದಳು. ಮಡಿಲಲ್ಲಿದ್ದ ಕೂಸು ಶಿಬಿರ ಮುಗಿದ ಮೇಲೆ ಹುಟ್ಟಿದ್ದು. ದೊಡ್ಡ ಮಗಳು ಬಾದಾಮಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿದ್ದು ಶಾಲೆಗೆ ಹೋಗುತ್ತಿದ್ದಳು.

"ಆಕಿಗೆ ನಮ್ಮ ಹಳೇ ಊರಾಗ ನಿಮ್ಮವರ ಚುಚ್ಚಿದ್ರು. ಕೈಗೂಸು ಇದ್ಲು ಆವಾಗ. ಬೇಕಾದ್ರ ಆಕಿ ರಕ್ತಾ ತಗೋರಿ. ಆದ್ರ ಏನ ಕಂಡಿತು ಅನ್ನೂದ ನನಗ ಬಂದ ಹೇಳಬೇಕ."

"ಬಂದ ಹೇಳ್ತೇನಿ" ಎಂದೆ.

ಬಾಗಲಕೋಟೆಯ ಆಸ್ಪತ್ರೆಯಲ್ಲಿ ನನಗೊಂದು ಕೋಣೆ ಕೊಟ್ಟಿದ್ದರು. ಮೊದಲು ಹಾಸಿಗೆ ಸಾಮಾನು ಇಡುತ್ತಿದ್ದ ಕೋಣೆ. ಸಹಾಯಕ್ಕೆ ಆಸ್ಪತ್ರೆಯ ಸಿಸ್ಟರ್ ಒಬ್ಬರು ಬಿಡುವಿದ್ದಾಗ ಬರುತ್ತಿದ್ದರು. ರಕ್ತ ಹೆಪ್ಪುಗಟ್ಟಲು ಬಿಟ್ಟು, ಮೇಲೆ ನಿಂತ ಹಳದಿ ತಿಳಿಯನ್ನು ಬೇರೆ ಮಾಡಿ, ಬಿಸಿನೀರಿನಲ್ಲಿ ಹದವಾಗಿ ಕಾಯಿಸಬೇಕು. ಆಮೇಲೆ ಸಣ್ಣ ಸಣ್ಣ ಗುಳಿಗಳಿರುವ ತಟ್ಟೆಯಲ್ಲಿ ಆ ತಿಳಿಯನ್ನು ಪಟ್ಟು ಪಟ್ಟಾಗಿ ತೆಳುಗೊಳಿಸುತ್ತ ಹೋಗಿ, ಅದಕ್ಕೆ ದಡಾರದ ವಿಷಾಣುವಿನ ದ್ರವ ಸೇರಿಸಿ, ಕೊನೆಗೆ ಮಂಗನ ರಕ್ತದ ಕೆಂಪು ಕಣಗಳನ್ನು ಬಿಡಬೇಕು. ಮಗುವಿನ ರಕ್ತದಲ್ಲಿ ಕಾವಲಿದ್ದರೆ ಅದು ವಿಷಾಣುವನ್ನು ಕಟ್ಟಿಹಾಕುತ್ತದೆ. ಆಗ ಮಂಗನ ಕಣಗಳು ಸುಮ್ಮನೆ ಜಾರಿ ಗುಳಿಯ ತಳದಲ್ಲಿ ಒಂದು ದುಂಡು ಚುಕ್ಕೆಯಾಗಿ ಕೂರುತ್ತವೆ. ಕಾವಲಿಲ್ಲದಿದ್ದರೆ ವಿಷಾಣು ಆ ಕಣಗಳನ್ನು ಒಂದಕ್ಕೊಂದು ಅಂಟಿಸಿ ಗುಳಿಯ ತುಂಬ ತೆಳ್ಳನೆಯ ಕೆಂಪು ಹಾಸನ್ನು ಹರಡುತ್ತದೆ. ಚುಕ್ಕೆಯಾದರೆ ಮಗು ಕ್ಷೇಮ, ಹಾಸಾದರೆ ಇಲ್ಲ. ಬರಿಗಣ್ಣಿಗೇ ಕಾಣುತ್ತದೆ.

ಮಂಗನ ರಕ್ತ ನಮ್ಮ ಕಾಲೇಜಿನಿಂದ ಬರಬೇಕಿತ್ತು. ಅಲ್ಲಿನವರು ಐಸು ತುಂಬಿದ ಥರ್ಮಾಸ್ ಫ್ಲಾಸ್ಕಿನಲ್ಲಿ ಸೀಸೆ ಇಟ್ಟು ಪ್ಯಾಸೆಂಜರ್ ಗಾಡಿಯ ಗಾರ್ಡನ ಕೈಗೆ ಕೊಡುತ್ತಿದ್ದರು. ನಾನು ಸ್ಟೇಶನ್ನಿಗೆ ಹೋಗಿ ಇಳಿಸಿಕೊಳ್ಳುತ್ತಿದ್ದೆ.

"ಬಾದಾಮ್ಯಾಗ ಮಂಗ್ಯಾ ಕಡಿಮಿ ಅದಾವೇನ್ರಿ ಡಾಕ್ಟರ? ಅಲ್ಲೇ ಒಂದು ಹಿಡದ್ರ ಆತು. ರೇಲ್ವೆ ಚಾಕರಿ ಉಳೀತಿತ್ತು" ಎಂದು ಸಿಸ್ಟರ್ ನಗುತ್ತಿದ್ದರು.

ನಗುವಂಥ ದಿನಗಳು ಹೆಚ್ಚಿರಲಿಲ್ಲ. ಗಾಡಿ ತಡವಾದರೆ ಐಸು ಕರಗಿ ಕಣಗಳು ಒಡೆದಿರುತ್ತಿದ್ದವು. ಬಸ್ಸಿನ ಕುಲುಕಾಟಕ್ಕೆ ಮಕ್ಕಳ ರಕ್ತವೂ ಒಡೆದು ತಿಳಿಯೆಲ್ಲ ಕೆಂಪಾಗಿ ಉಪಯೋಗಕ್ಕೆ ಬಾರದಂತಾಗುತ್ತಿತ್ತು. ಕರೆಂಟು ಹೋದರೆ ಬಿಸಿನೀರಿನ ತೊಟ್ಟಿ ತಣ್ಣಗಾಗುತ್ತಿತ್ತು. ಸ್ಟೋವ್ ಮೇಲೆ ಪಾತ್ರೆ ಇಟ್ಟು ಥರ್ಮಾಮೀಟರ್ ಹಿಡಿದು ನಾನೇ ಕೂರುತ್ತಿದ್ದೆ. ಕೆಟ್ಟುಹೋದ ರಕ್ತಕ್ಕೆ ಮತ್ತೆ ಅದೇ ಮನೆಗೆ ಹೋಗಿ ಅದೇ ಮಗುವಿನ ತೋಳು ಕೇಳಬೇಕು. ಕೆಲವರು ಬಾಗಿಲು ಹಾಕಿಕೊಂಡರು.

ಇಷ್ಟಾದರೂ ಇಳಕಲ್ಲಿನ ತಟ್ಟೆಗಳು ಮುಗಿದವು. ಸಾಲುಸಾಲಾಗಿ ದುಂಡು ಚುಕ್ಕೆಗಳು. ಶಿಬಿರದಲ್ಲಿ ಚುಚ್ಚಿದ್ದು ಆ ಮಕ್ಕಳಲ್ಲಿ ಹಾಗೇ ಉಳಿದಿತ್ತು. ಆ ದಿನ ನಾನು ಸಿಸ್ಟರಿಗೆ ಚಹಾ ತರಿಸಿದೆ.

ಬಾದಾಮಿಯ ಹಾಸ್ಟೆಲ್ಲಿನ ರಕ್ತವನ್ನು ಹೋಳಿಯ ಮುಂಚಿನ ವಾರ ತಂದೆ. ಹೆಚ್ಚಿನ ಹುಡುಗಿಯರು ಮಲಪ್ರಭೆಯ ದಂಡೆಯ ಹಳ್ಳಿಗಳವರು, ಒಂಬತ್ತು ಹತ್ತು ವರ್ಷದ ಆಸುಪಾಸಿನವರು. ತಟ್ಟೆ ಹೂಡಿ ಬಿಟ್ಟು, ಕಣಗಳು ಕೂರುವ ಹೊತ್ತಿಗೆ ಬಂದು ನೋಡಿದರೆ ಮೊದಲ ಸಾಲಿನಲ್ಲಿ ಚುಕ್ಕೆಯೇ ಇಲ್ಲ. ಎರಡನೆಯದರಲ್ಲೂ ಇಲ್ಲ. ಗುಳಿ ಗುಳಿಯಲ್ಲೂ ಕೆಂಪು ಹಾಸು. ಅಲ್ಲೊಂದು ಇಲ್ಲೊಂದು ಚುಕ್ಕೆ, ಅವು ಬಾದಾಮಿ ಊರಿನವರೇ ಆದ ಹುಡುಗಿಯರವು.

ನನ್ನ ಕೈ ತಪ್ಪಿದೆ ಎಂದುಕೊಂಡೆ. ವಿಷಾಣುವಿನ ದ್ರವ ಗಟ್ಟಿಯಾಗಿರಬಹುದು, ಮಂಗನ ಕಣ ಹಳೆಯದಿರಬಹುದು. ಎಲ್ಲವನ್ನೂ ಮತ್ತೆ ಮಾಡಬೇಕಿತ್ತು. ಆದರೆ ಬಾಗಲಕೋಟೆಯ ಹೋಳಿ ಎಂದರೆ ಊರಿಗೆ ಊರೇ ಬಣ್ಣದಲ್ಲಿ ಮುಳುಗುತ್ತದೆ. ಹಲಗೆಯ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಫ್ಲಾಸ್ಕ್ ಬರಲು ಬಣ್ಣದ ದಿನಗಳು ಮುಗಿಯಬೇಕಾಯಿತು. ಹೊಸ ಕಣ ಬಂದ ದಿನವೇ ತಟ್ಟೆ ಹೂಡಿದೆ. ಈ ಸಲ ಒಂದು ಸಾಲಿಗೆ ನನ್ನದೇ ರಕ್ತದ ತಿಳಿ ಹಾಕಿದೆ. ಸಣ್ಣವಳಿದ್ದಾಗ ನನಗೆ ಗೊಬ್ಬರ ಎದ್ದು ಹೋಗಿತ್ತು, ನನ್ನಲ್ಲಿ ಕಾವಲು ಇರಲೇಬೇಕು.

ನನ್ನ ಸಾಲಿನಲ್ಲಿ ಒಂದರ ಪಕ್ಕ ಒಂದು ಚುಕ್ಕೆ ಕೂತವು. ಅದರ ಕೆಳಗೆ ಹಳ್ಳಿಯ ಹುಡುಗಿಯರ ಸಾಲುಗಳೆಲ್ಲ ಹಾಸಾಗಿ ಹರಡಿದ್ದವು. ಇಳಕಲ್ಲಿನ ಹೆಂಗಸಿನ ದೊಡ್ಡ ಮಗಳ ಸಾಲೂ ಹಾಗೇ ಇತ್ತು.

ಯಾಕೆ ಹೀಗಾಯಿತೆಂದು ನನಗೆ ಇಂದಿಗೂ ಖಚಿತವಾಗಿ ಗೊತ್ತಿಲ್ಲ. ಆ ಹಳ್ಳಿಗಳಿಗೆ ಹೋಗುವಾಗ ಬಿಸಿಲಿಗೆ ಲಸಿಕೆ ಸತ್ತಿರಬಹುದು. ತೀರ ಕೈಗೂಸುಗಳಿಗೆ ಚುಚ್ಚಿದ್ದರಿಂದ ತಾಯಿಯಿಂದ ಬಂದ ಕಾವಲು ಲಸಿಕೆಯನ್ನೇ ಕೊಂದಿರಬಹುದು. ಎರಡೂ ಇರಬಹುದು. ಲಸಿಕೆ ಅವರ ಮೈಗೆ ಹಿಡಿದಿರಲಿಲ್ಲ ಎಂಬುದಷ್ಟೇ ಖರೆ.

ಅಂದೇ ಅಂಚೆ ಕಚೇರಿಗೆ ಹೋಗಿ ನಮ್ಮ ಪ್ರೊಫೆಸರಿಗೆ ಟ್ರಂಕ್ ಕಾಲ್ ಹಚ್ಚಿದೆ. ಮೈಸೂರು ಕಡೆಯವರು, ಈ ಕೆಲಸವನ್ನು ಯೋಚಿಸಿ ಕಟ್ಟಿದವರು. ಒಳ್ಳೆಯ ಗುರುಗಳು.

"ಇದು ನಾವು ಹುಡುಕ್ತಿದ್ದ ಮುಖ್ಯ ವಿಷಯ ಕಣಮ್ಮ" ಎಂದರು. ಅವರ ದನಿಯಲ್ಲಿ ನಿಜವಾದ ಕಾಳಜಿಯಿತ್ತು. "ಮುಂದೆ ದೇಶಕ್ಕೆಲ್ಲ ಈ ಲಸಿಕೆ ಕೊಡ್ತಾರೆ. ಎಲ್ಲಿ ಹಿಡಿಯಲ್ಲ, ಯಾಕೆ ಹಿಡಿಯಲ್ಲ ಅಂತ ಈಗಲೇ ಗೊತ್ತಾಗ್ಬೇಕು. ಎರಡನೇ ರಕ್ತ ತಗೊಳ್ಳೋವರೆಗೆ ಏನೂ ಮಾಡ್ಬೇಡಿ."

"ಅಷ್ಟರಲ್ಲಿ ಅವರಿಗೆ ದಡಾರ ಬಂದರೆ ಸರ್?"

"ಇಷ್ಟು ವರ್ಷ ಬಂದಿಲ್ಲವಲ್ಲ. ಇನ್ನೆರಡು ತಿಂಗಳ ಮಾತು."

ಒಪ್ಪದೆ ಇನ್ನೊಮ್ಮೆ ಕೇಳಿದೆ. ಹೊತ್ತು ಮುಗಿಯಿತೆಂದು ಆಪರೇಟರ್ ಲೈನ್ ಕತ್ತರಿಸಿದ. ಮರುದಿನ ಮತ್ತೆ ಹಚ್ಚೋಣವೆಂದು ಬಂದೆ.

ಮರುದಿನ ಬೆಳಿಗ್ಗೆ ನಾನು ಹಚ್ಚುವ ಮೊದಲೇ ಆಸ್ಪತ್ರೆಯ ಫೋನಿಗೆ ಬಾದಾಮಿಯಿಂದ ಹಾಸ್ಟೆಲ್ಲಿನ ವಾರ್ಡನ್ ಮಾತಾಡಿದರು. ಶಾಲೆಯ ಅಕ್ಕೋರೂ ಅವರೇ, ಹುಡುಗಿಯರಿಗೆ ಅಡಿಗೆ ಮಾಡಿಸಿ ಬಡಿಸುವವರೂ ಅವರೇ. "ಡಾಕ್ಟರ್ ಬಾಯಾರ, ಹೋಳಿಗೆ ಹೋದ ಒಂದು ಹುಡುಗಿ ಮೊನ್ನೆ ಸಂಜಿಮುಂದ ಬಂದಾಳ. ಕಣ್ಣು ಕೆಂಪಗಾಗ್ಯಾವ, ಕೆಮ್ಮು ಭಾಳ. ನೀವು ಹೋಳಿಗಿಂತ ಮೊದಲ ರಕ್ತ ತಗೊಂಡಿದ್ರಲ್ಲ, ಅದಕ್ಕ ನಿಮಗ ಹೇಳಿದೆ."

ಖಾಲಿ ಫ್ಲಾಸ್ಕ್ ಇದ್ದ ಚೀಲ ಹೆಗಲಿಗೆ ಹಾಕಿಕೊಂಡು ಸಿಕ್ಕ ಗಾಡಿ ಹತ್ತಿದೆ. ಹುಡುಗಿ ಹಾಸ್ಟೆಲ್ಲಿನ ಹಜಾರದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬೆಳಕು ಅವಳ ಕಣ್ಣಿಗೆ ಚುಚ್ಚುತ್ತಿತ್ತು. ಇಳಕಲ್ಲಿನ ಹೆಂಗಸಿನ ಮಗಳು. ನಾನು ರಕ್ತ ತೆಗೆದ ಮರುದಿನವೇ ಬಾಗಲಕೋಟೆಗೆ ಸೋದರಮಾವನ ಮನೆಗೆ ಹೋಗಿ, ಬಣ್ಣ ಮುಗಿಯುವವರೆಗೆ ಹತ್ತು ಹನ್ನೆರಡು ದಿನ ಅಲ್ಲೇ ಇದ್ದಳಂತೆ. ಅವಳು ಹೋದಾಗಲೇ ಅಲ್ಲಿ ಸಣ್ಣ ಹುಡುಗನೊಬ್ಬನಿಗೆ ಮೈತುಂಬ ಗೊಬ್ಬರ ಎದ್ದಿತ್ತಂತೆ. ಬಾಯಿ ತೆರೆಸಿ, ಕೆನ್ನೆಯ ಒಳಬದಿಗೆ ಟಾರ್ಚ್ ಬಿಟ್ಟೆ. ಕೆಂಪು ತೊಗಲಿನ ಮೇಲೆ ರವೆ ಉದುರಿಸಿದ ಹಾಗೆ ಬಿಳಿ ಕಾಳುಗಳು. ದಡಾರಕ್ಕೆ ಬಿಟ್ಟರೆ ಬೇರೆ ಯಾವ ರೋಗಕ್ಕೂ ಅವು ಬರುವುದಿಲ್ಲ. ನಾಳೆ ನಾಡಿದ್ದರಲ್ಲಿ ಕಿವಿಯ ಹಿಂದಿನಿಂದ ಗುಳ್ಳೆ ಇಳಿಯುತ್ತವೆ.

ನಾನು ತಿರುಗಿ ಹಜಾರ ನೋಡಿದೆ. ಒಂದರ ಪಕ್ಕ ಒಂದು ಸುತ್ತಿಟ್ಟ ಹಾಸಿಗೆಗಳು. ಹುಡುಗಿಯರು ಬಾಗಿಲಲ್ಲಿ ಗುಂಪಾಗಿ ನಿಂತು ನಮ್ಮನ್ನೇ ನೋಡುತ್ತಿದ್ದರು. ಎರಡು ರಾತ್ರಿ ಅವರೆಲ್ಲ ಅವಳ ಕೆಮ್ಮಿನ ನಡುವೆ ಮಲಗಿದ್ದರು. ಯಾರ ತಟ್ಟೆಯ ಸಾಲು ಹೇಗಿತ್ತೆಂದು ನನಗೆ ಗೊತ್ತಿತ್ತು. ಅದು ಗೊತ್ತಿದ್ದವಳು ಆ ಊರಿನಲ್ಲಿ ನಾನೊಬ್ಬಳೇ.

ರೋಗಿಯ ಸಂಪರ್ಕಕ್ಕೆ ಬಂದವರಿಗೆ ಮೂರು ದಿನದೊಳಗೆ ಲಸಿಕೆ ಹಾಕಿದರೆ ಅದು ರೋಗಕ್ಕಿಂತ ಮೊದಲು ಓಡಿ ಮೈ ಕಾಯಬಲ್ಲದು. ಆಮೇಲೆ ಹಾಕಿ ಉಪಯೋಗವಿಲ್ಲ. ನಾಳೆ ಸಂಜೆಯವರೆಗೆ ನನಗೆ ಸಮಯವಿತ್ತು. ಅಂಚೆ ಕಚೇರಿಯಿಂದ ಪ್ರೊಫೆಸರಿಗೆ ಹಚ್ಚಿದೆ. ಅವರು ಬೆಂಗಳೂರಿಗೆ ಸಭೆಗೆ ಹೋಗಿದ್ದರು, ಬರುವುದು ಮರುವಾರ. ಬಾದಾಮಿಯ ದವಾಖಾನೆಯಲ್ಲಿ ದಡಾರದ ಲಸಿಕೆಯೇ ಇರಲಿಲ್ಲ. ಕೂಸುಗಳಿಗೆ ಹಾಕಲೆಂದು ಹುನಗುಂದದ ಆರೋಗ್ಯ ಕೇಂದ್ರಕ್ಕೆ ಆಗ ತಾನೇ ಸ್ವಲ್ಪ ಬಂದಿದೆ ಎಂದರು.

ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕುಳಿತೆ. ಪ್ರಬಂಧ, ಪರೀಕ್ಷೆ, ಇಷ್ಟು ತಿಂಗಳು ಬೇಡಿ ತಂದ ರಕ್ತ ಎಲ್ಲ ಕಣ್ಣ ಮುಂದೆ ಬಂತು. ಲಸಿಕೆ ಹಾಕಿದ ಮರುಕ್ಷಣ ಆ ಕೆಲಸ ಮುಗಿದಂತೆ. ಹಾಕದಿದ್ದರೆ ನನ್ನ ಕೆಲಸ ಬಹಳ ಚೆನ್ನಾಗಿ ಆಗುತ್ತಿತ್ತು. ಎರಡನೇ ರಕ್ತದಲ್ಲಿ, ದಡಾರ ಎದ್ದು ಬದುಕಿದ ಹುಡುಗಿಯರೆಲ್ಲರ ಗುಳಿಗಳಲ್ಲಿ ಅಚ್ಚುಕಟ್ಟಾದ ಚುಕ್ಕೆಗಳು ಕೂರುತ್ತಿದ್ದವು. ಎದ್ದು ಹಾಸ್ಟೆಲ್ಲಿಗೆ ಹೋಗಿ ವಾರ್ಡನ್ ಅವರಿಗೆ ಎಲ್ಲ ಹೇಳಿದೆ. ಹುಡುಗಿಯರ ರಕ್ತದಲ್ಲಿ ಕಾವಲಿಲ್ಲ ಎಂದು, ಮೇಲಿನವರು ಬೇಡವೆಂದಿದ್ದಾರೆ ಎಂದು, ನಾನು ಹುನಗುಂದಕ್ಕೆ ಹೊರಟಿದ್ದೇನೆ ಎಂದು.

ಅವರು ಕೈಯಲ್ಲಿದ್ದ ಸೌಟು ಕೆಳಗಿಟ್ಟರು. "ಯಾವಾಗ ಗೊತ್ತಾತ್ರಿ ನಿಮಗ?"

"ನಿನ್ನೆ ಖಾತ್ರಿ ಆತ್ರಿ."

"ಹೋಗಿ ಬರ್ರಿ. ಇಲ್ಲಿ ಇವರ ತಾಯಿ ನಾನ ಅದೇನಿ. ಕೇಳಿದವರಿಗೆ ನಾ ಹೇಳ್ತೇನಿ."

ಜ್ವರದ ಹುಡುಗಿಯನ್ನು ಬೇರೆ ಕೋಣೆಗೆ ಮಾಡಿಸಿ, ಬಸ್ ಹಿಡಿದೆ. ಹುನಗುಂದ ಮುಟ್ಟಿದಾಗ ಆರೋಗ್ಯ ಕೇಂದ್ರದ ಡಾಕ್ಟರು ಬಾಗಿಲು ಹಾಕಿಸುತ್ತಿದ್ದರು. ನಡುವಯಸ್ಸಿನವರು, ಮಿತಭಾಷಿ. ನಿಂತೇ ಎಲ್ಲ ಕೇಳಿಸಿಕೊಂಡರು.

"ಇವು ಕೂಸುಗಳ ಪಾಲಿನವು. ವರ್ಷ ತುಂಬಲಾರದ ಕೂಸು. ಮಂಗಳವಾರ ತಾಯಂದ್ರು ಕಮತಗಿಯಿಂದ ಎತಗೊಂಡ ಬರ್ತಾರ. ಅವರಿಗೆ ಏನ ಹೇಳ್ಲಿ?"

"ಮುಂದಿನ ವಾರ ಬರ್ರಿ ಅಂತ ಹೇಳ್ರಿ. ಈ ಹುಡುಗ್ಯಾರಿಗೆ ಮುಂದಿನ ವಾರ ಅನ್ನೂದು ಇಲ್ಲರಿ."

"ಆ ಕೂಸುಗಳಿಗೂ ಊರಾಗ ಗೊಬ್ಬರ ಎದ್ರ?"

ಅವರ ಮಾತು ಸರಿಯಾಗಿತ್ತು. ಒಬ್ಬರ ಪಾಲಿನದನ್ನು ಕಿತ್ತು ಇನ್ನೊಬ್ಬರಿಗೆ ಕೊಡುವ ಕೆಲಸ ಇದು, ಅದನ್ನು ಬೇರೆ ಹೆಸರಿನಿಂದ ಕರೆಯಲು ಬರುವುದಿಲ್ಲ. "ಎದ್ರ ಅದು ನನ್ನ ಕೈಯಿಂದ ಆದದ್ದರಿ. ಯಾರ ಒಯ್ದ್ರು ಅಂತ ಕೇಳಿದ್ರ ನನ್ನ ಹೆಸರು ಹೇಳ್ರಿ" ಎಂದೆ.

ಅವರು ಬೀಗದ ಕೈಯನ್ನು ತಮ್ಮ ಜೇಬಿಗೆ ಹಾಕಿಕೊಂಡರು. "ಈಗ ಒಯ್ಯಬ್ಯಾಡ್ರಿ. ಸಂಜಿ ಬಸ್ ಇಲ್ಲ, ಐಸೂ ಇಲ್ಲ. ಮುಂಜಾನಿ ಐಸ್ ಫ್ಯಾಕ್ಟರಿ ತೆಗದ ಕೂಡ್ಲೆ ಬರ್ರಿ. ನಾನ ತೆಗದ ಕೊಡ್ತೇನಿ."

ಕೊಟ್ಟರು. ಮಂಗನ ರಕ್ತ ತರುತ್ತಿದ್ದ ಫ್ಲಾಸ್ಕನ್ನೇ ಕುದಿಯುವ ನೀರಿನಲ್ಲಿ ತೊಳೆದು ಸೀಸೆಗಳನ್ನು ಐಸಿನೊಳಗೆ ಹೂಳಿದೆ. ಮೊದಲ ಬಸ್ಸು ಬರಲಿಲ್ಲ. ಎರಡನೆಯದು ಅಮೀನಗಡ ದಾಟಿದ ಮೇಲೆ ಗಾಲಿ ಒಡೆದು ನಿಂತಿತು. ಸುತ್ತ ಎಲ್ಲೂ ನೆರಳಿಲ್ಲ. ನಾನು ಫ್ಲಾಸ್ಕನ್ನು ಸೀರೆಯ ಸೆರಗಿನಲ್ಲಿ ಸುತ್ತಿ, ಬಸ್ಸಿನ ಕೆಳಗಿನ ನೆರಳಿಗೆ ಸರಿಸಿ, ರಸ್ತೆಯ ಮಧ್ಯದಲ್ಲಿ ನಿಂತೆ. ಇಳಕಲ್ಲಿನ ಕೆಂಪು ಗ್ರಾನೈಟ್ ಹೇರಿದ ಲಾರಿಯೊಂದು ನಿಂತಿತು. ಡ್ರೈವರ್ ಏನೆಂದು ಕೇಳಲಿಲ್ಲ. ಮುಂದೆ ಕೂರಿಸಿಕೊಂಡ. ಆ ಭಾರಕ್ಕೆ ಲಾರಿ ಏರಿನಲ್ಲಿ ತೆವಳುತ್ತಿತ್ತು. ಫ್ಲಾಸ್ಕ್ ಅಲುಗಿಸಿದಾಗಲೆಲ್ಲ ಐಸಿನ ಸದ್ದಿನ ಬದಲು ನೀರಿನ ಸದ್ದು ಹೆಚ್ಚುತ್ತಿತ್ತು. ಇದೇ ದಾರಿಯಲ್ಲಿ, ಇಂಥದೇ ಬಿಸಿಲಿನಲ್ಲಿ ಹಿಂದೊಮ್ಮೆ ಲಸಿಕೆ ಸತ್ತಿದ್ದರೆ ಇಂದೂ ಸಾಯಬಹುದಲ್ಲ ಎಂದು ದಾರಿಯುದ್ದಕ್ಕೂ ಹೆದರಿದೆ.

ಹಾಸ್ಟೆಲ್ಲಿನಲ್ಲಿ ಮುಚ್ಚಳ ತೆಗೆದಾಗ ಉಗುರಿನಷ್ಟು ಐಸಿನ ಚೂರುಗಳು ತೇಲುತ್ತಿದ್ದವು. ಸೀಸೆಗಳು ಮುಟ್ಟಿದರೆ ತಣ್ಣಗಿದ್ದವು. ಅದಕ್ಕಿಂತ ಹೆಚ್ಚಿನ ಖಾತ್ರಿ ನನ್ನ ಬಳಿ ಇರಲಿಲ್ಲ. ಸೂಜಿ, ಸಿರಿಂಜು ಕುದಿಸಿ ಕೆಲಸ ಹಿಡಿದೆವು. ವಾರ್ಡನ್ ಒಬ್ಬೊಬ್ಬಳನ್ನೇ ಹೆಗಲು ಹಿಡಿದು ತಂದು ನಿಲ್ಲಿಸುತ್ತಿದ್ದರು. ಲಸಿಕೆ ಕಲಸಿದ ಮೇಲೆ ಬಹಳ ಹೊತ್ತು ಇಡುವಂತಿಲ್ಲ. ಸಂಜೆಯಾಗುವ ಮೊದಲೇ ಮುಗಿಸಿದೆವು.

ಅದೇ ಸಂಜೆ ಇಳಕಲ್ಲಿನ ಹೆಂಗಸಿನ ಮಗಳ ಮೈಮೇಲೆ ಗುಳ್ಳೆ ಇಳಿದವು. ಅವಳಿಗೆ ಆ ಲಸಿಕೆ ಇನ್ನು ಉಪಯೋಗಕ್ಕೆ ಬರುವಂತಿರಲಿಲ್ಲ. ಉಸಿರು ಮೇಲುಸಿರಾದಾಗ ಬಾಗಲಕೋಟೆಯ ಆಸ್ಪತ್ರೆಗೆ ಸಾಗಿಸಿ, ಸಿಸ್ಟರಿಗೆ ಒಪ್ಪಿಸಿ, ನಾನು ಇಳಕಲ್ಲಿಗೆ ಹೋದೆ.

ನನ್ನನ್ನು ಕಂಡು ಆ ಹೆಂಗಸು ರಾಟಿ ನಿಲ್ಲಿಸಿದಳು. "ಏನ ಕಂಡಿತ್ರಿ?"

"ಆಕಿ ಮೈಯಾಗ ಲಸಿಕೆ ಹಿಡದಿದ್ದಿಲ್ಲ. ಈಗ ಗೊಬ್ಬರ ಎದ್ದಾವ. ದಮ್ಮ ಹಿಡದೈತಿ. ದವಾಖಾನ್ಯಾಗ ಇಟ್ಟೇವಿ. ನಡೀರಿ."

ಅವಳು ಸಣ್ಣ ಕೂಸನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು, ಕಾಲಿಗೆ ಚಪ್ಪಲಿಯನ್ನೂ ಹಾಕಿಕೊಳ್ಳದೆ ಬಂದಳು. ಬಸ್ಸಿನಲ್ಲಿ ಒಂದೇ ಮಾತು ಕೇಳಿದಳು. "ಸುಳ್ಳ ಚುಚ್ಚಿದ್ರೇನ್ರಿ ಆವಾಗ?"

"ಸುಳ್ಳ ಅಲ್ಲವ್ವಾ. ಹಿಡೀಲಿಲ್ಲ."

"ನಮಗ ಎರಡೂ ಒಂದ" ಎಂದಳು.

ಆಸ್ಪತ್ರೆಯಲ್ಲಿ ಹುಡುಗಿಯ ತಲೆದೆಸೆಯಲ್ಲಿ ಬೇವಿನ ಸೊಪ್ಪು ಇಟ್ಟಳು. ನಾವು ಆಮ್ಲಜನಕ, ಪೆನ್ಸಿಲಿನ್, ಕಣ್ಣು ಉಳಿಯಲೆಂದು ಎ ಜೀವಸತ್ವದ ಎಣ್ಣೆ ಕೊಟ್ಟೆವು. ಎಣ್ಣೆಯನ್ನು ಮೊದಲು ಬೇಡವೆಂದಳು. ಗೊಬ್ಬರ ಎದ್ದ ಮನೆಯಲ್ಲಿ ಎಣ್ಣೆ ಮುಟ್ಟುವುದಿಲ್ಲ. ಸಿಸ್ಟರ್ ಅವಳ ಪಕ್ಕ ನೆಲಕ್ಕೆ ಕುಳಿತು, "ಇದು ಒಗ್ಗರಣಿ ಎಣ್ಣಿ ಅಲ್ಲಬೇ, ಕಣ್ಣಿಂದು" ಎಂದು ಸಮಾಧಾನ ಹೇಳಿ ಚಮಚೆಯನ್ನು ಅವಳ ಕೈಯಿಂದಲೇ ಕುಡಿಸಿದರು. ಕಣ್ಣಿಗೆ ತಡವಾಗಿತ್ತು. ಹುಡುಗಿಯ ದಮ್ಮು ಇಳಿಯಿತು, ಜೀವ ಉಳಿಯಿತು. ಎಡಗಣ್ಣಿನ ಕರಿಗುಡ್ಡೆಯ ಮೇಲೆ ಬಿಳಿ ಹೂ ಬಿತ್ತು. ಅದು ಹೋಗುವುದಿಲ್ಲ, ಆ ಕಣ್ಣಿಗೆ ಇನ್ನು ಕಾಣುವುದಿಲ್ಲವೆಂದು ತಾಯಿಗೆ ನಾನೇ ಹೇಳಿದೆ. ಅವಳು ಮಗಳ ಇನ್ನೊಂದು ಕಣ್ಣಿನ ಮುಂದೆ ಬೆರಳು ಆಡಿಸಿ ನೋಡಿದಳು. ಬೆರಳಿನ ಹಿಂದೆ ಆ ಕಣ್ಣು ಓಡಾಡಿತು. ಆಗ ಅವಳು ಗೋಡೆಗೆ ಒರಗಿ ಅತ್ತಳು.

ಇತ್ತ ಹಾಸ್ಟೆಲ್ಲಿನಲ್ಲಿ ಕಾಯುವ ಕೆಲಸ. ಲಸಿಕೆ ಹಾಕಿ ವಾರ ಕಳೆದ ಮೇಲೆ ಹುಡುಗಿಯರಿಗೆ ಒಬ್ಬರ ಹಿಂದೊಬ್ಬರಂತೆ ಜ್ವರ ಬಂತು. ಜೀವಂತ ಲಸಿಕೆ ಹಿಡಿದರೂ ಅದೇ ಹೊತ್ತಿಗೆ ಸಣ್ಣ ಜ್ವರ ಬರುತ್ತದೆ, ಒಮ್ಮೊಮ್ಮೆ ಮೈಮೇಲೆ ತೆಳ್ಳಗೆ ಕೆಂಪೂ ಏಳುತ್ತದೆ. ರೋಗವೇ ಬಂದರೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ ಶುರುವಾಗುತ್ತದೆ. ಯಾವುದು ಯಾವುದೆಂದು ಹೊರಗಿನಿಂದ ಹೇಳಲು ಬಾರದು.

"ನೀವು ಹಾಕಿದ್ದು ತಂದ ಜ್ವರಾನೋ, ಆಕಿ ತಂದ ಜ್ವರಾನೋ?" ಎಂದು ವಾರ್ಡನ್ ಕೇಳಿದರು.

"ಗೊತ್ತಿಲ್ಲರಿ."

"ಗೊತ್ತಿಲ್ಲಂದ್ರ ಹ್ಯಾಂಗ್ರಿ ಡಾಕ್ಟರ?"

ಹಾಸ್ಟೆಲ್ಲಿನಲ್ಲೇ ಉಳಿದೆ. ಬೆಳಗಾದರೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬಾಯಿ ತೆರೆಸಿ ಟಾರ್ಚ್ ಬಿಡುತ್ತಿದ್ದೆ. ಕೆನ್ನೆಯೊಳಗೆ ಬಿಳಿ ಕಾಳಿದೆಯೇ? ಇಲ್ಲ. ಮುಂದಿನವಳು. ಇಲ್ಲ. ಒಂದು ಬೆಳಿಗ್ಗೆ ಒಬ್ಬಳ ಬಾಯಲ್ಲಿ ಕಂಡವು. ಮರುದಿನ ಇನ್ನಿಬ್ಬರ ಬಾಯಲ್ಲಿ. ಲಾರಿಯಲ್ಲಿ ಕರಗಿದ ಐಸೇ ನೆನಪಾಯಿತು. ಹಳ್ಳಿಗಳಿಂದ ಕೆಲವು ತಂದೆಯರು ಬಂದು ಮಕ್ಕಳನ್ನು ಕರೆದೊಯ್ಯುತ್ತೇವೆಂದು ನಿಂತರು. ಕರೆದೊಯ್ದರೆ ರೋಗ ಊರೂರಿಗೆ ಹಂಚಿಹೋಗುತ್ತದೆ. ವಾರ್ಡನ್ ಬಾಗಿಲಿಗೆ ಅಡ್ಡ ಕುಳಿತು, ಬಿಡುವುದಿಲ್ಲವೆಂದರು. ಒಬ್ಬ ತಂದೆ ಅವರ ಮೇಲೆ ಕೈ ಎತ್ತಿದ. ಅವರು ಕದಲಲಿಲ್ಲ.

ಆ ಮೂವರು, ಆಮೇಲೆ ಇನ್ನೊಬ್ಬಳು. ಎಲ್ಲರೂ ಮೊದಲ ರಾತ್ರಿ ಇಳಕಲ್ಲಿನ ಹುಡುಗಿಯ ಹಾಸಿಗೆಗೆ ತಾಗಿ ಮಲಗಿದವರು. ಉಳಿದವರ ಜ್ವರ ಬಂದಂತೆಯೇ ಇಳಿದು ಹೋಯಿತು. ಬೆಳಗಿನ ಸಾಲಿನಲ್ಲಿ ಹುಡುಗಿಯರು ಬಾಯಿ ತೆರೆಯುವ ಬದಲು ನಗತೊಡಗಿದರು. ಆ ನಾಲ್ವರೂ ಎದ್ದು ಓಡಾಡುವಂತಾದರು. ಯಾರೂ ಸಾಯಲಿಲ್ಲ. ಲಸಿಕೆಯೇ ಉಳಿಸಿತೋ, ಅದೃಷ್ಟವೋ ತಟ್ಟೆಯಲ್ಲಿ ನೋಡಬೇಕೆಂದು ಕಾಲೇಜಿಗೆ ಮಂಗನ ರಕ್ತ ಕೇಳಿದೆ. ಬರಲಿಲ್ಲ.

ಅಷ್ಟರಲ್ಲಿ ಪ್ರೊಫೆಸರ್ ಬೆಂಗಳೂರಿನಿಂದ ಮರಳಿ, ನನ್ನ ಕಾಗದ ಕಂಡು, ತಾವೇ ಬಂದು ಹೋಗಿದ್ದರು. ಬೈಯಲಿಲ್ಲ. ಹಾಸ್ಟೆಲ್ಲಿನ ಅಂಗಳದಲ್ಲಿ ಹುಡುಗಿಯರು ಬಟ್ಟೆ ಒಗೆಯುವುದನ್ನು ನೋಡುತ್ತ, "ನಾನಿದ್ದಿದ್ರೆ ಏನ್ ಮಾಡ್ತಿದ್ನೋ ಗೊತ್ತಿಲ್ಲಮ್ಮ" ಎಂದರು. "ಆದ್ರೆ ಈ ಕೆಲಸ ಇನ್ನು ಪ್ರಬಂಧಕ್ಕೆ ಬರಲ್ಲ. ನೀವು ಬೇರೆ ವಿಷಯ ಹುಡುಕ್ಕೋಬೇಕು." ನಾನು ಹುಡುಕಲಿಲ್ಲ. ಆ ಓದು ಅಲ್ಲಿಗೆ ನಿಂತಿತು.

ಬಾಗಲಕೋಟೆಯ ಕೋಣೆ ಖಾಲಿ ಮಾಡುವ ಮುಂಚೆ ಹುನಗುಂದದ ಡಾಕ್ಟರು ಹೇಳಿಕಳಿಸಿದರು. ಹೊಸ ಲಸಿಕೆ ಬಂದಿದೆ, ಕಮತಗಿಯ ಕೂಸುಗಳಿಗೆ ಹಾಕಿ ಆಗಿದೆ, ಯಾರಿಗೂ ಏನೂ ಆಗಿಲ್ಲ, ಇಳಕಲ್ಲಿಗೆ ಕಳಿಸಲು ಜನ ಸಾಲದು, ನೀವು ಹೋಗುತ್ತೀರಾ ಎಂದು. ಹೋದೆ.

ನೇಕಾರರ ಓಣಿಯ ಗುಡಿಯ ಕಟ್ಟೆಯ ಮೇಲೆ ಐಸಿನ ಡಬ್ಬಿ ಇಟ್ಟುಕೊಂಡು ಬೆಳಿಗ್ಗೆಯಿಂದ ಕುಳಿತೆ. ಯಾರೂ ಬರಲಿಲ್ಲ. ಚುಚ್ಚಿಸಿಕೊಂಡ ಹುಡುಗಿಯ ಕಣ್ಣು ಹೋಗಿದೆ ಎಂಬ ಮಾತು ಮನೆಮನೆ ಮುಟ್ಟಿತ್ತು. ಬಾಗಿಲ ಸಂದಿಯಿಂದ ನೋಡಿ ಒಳಗೆ ಹೋಗುತ್ತಿದ್ದರು. ಮಗ್ಗಗಳು ಸದ್ದು ಮಾಡುತ್ತಲೇ ಇದ್ದವು.

ಹೊತ್ತು ಇಳಿಯುವಾಗ ಆ ಹೆಂಗಸು ಸಣ್ಣ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ನಿಂತಳು.

"ಮೊದಲ ಈಕಿ ರಕ್ತ ತಗೋರಿ" ಎಂದಳು. "ಔಷಧ ಹಾಕ್ರಿ, ಆಮ್ಯಾಲ ಮತ್ತ ರಕ್ತ ತಗೋರಿ. ಹಿಡದೈತಿ ಅಂತ ನನಗ ತೋರಸ್ರಿ. ಈ ಸಲ ಹಂಗ ನಂಬೂದಿಲ್ಲ ನಾ."

ಅವಳು ಕೇಳಿದ್ದರಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ಅದನ್ನು ಮಾಡುವುದು ನನಗೆ ಬರುತ್ತಿತ್ತು. ಮಾಡಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ.

"ನೋಡಾಕ ಆಗೂದಿಲ್ಲವ್ವಾ. ಆ ಕೆಲಸ ನಿಂತು ಹೋತು. ಐಸು ಕರಗಿಲ್ಲ, ಔಷಧ ಹೊಸಾದು, ಈಕಿಗೆ ವಯಸ್ಸೂ ಸರಿ ಐತಿ. ಹಿಡೀತೈತಿ ಅಂತ ನನಗ ಅನಸ್ತೈತಿ. ಖಾತ್ರಿ ಹೇಳಾಕ ಬರೂದಿಲ್ಲ."

ಅವಳು ನನ್ನ ಮುಖವನ್ನೂ ಡಬ್ಬಿಯನ್ನೂ ನೋಡಿದಳು. ಹಿಂದೆ ಯಾರೋ ಅವಳ ಹೆಸರು ಹಿಡಿದು ಕರೆದರು. ತಿರುಗಲಿಲ್ಲ. ಕಟ್ಟೆಯ ಮೇಲೆ ಕುಳಿತು, ಕೂಸಿನ ತೋಳಿನ ಅಂಗಿ ಮೇಲೆ ಸರಿಸಿದಳು.

"ನೀವು ನೋಡದನ ಚುಚ್ಚತೀರಿ" ಎಂದಳು. "ನಾ ನೋಡದನ ಹಿಡೀತೇನಿ."

ಒಂದು ಸೀಸೆಯಲ್ಲಿ ಹಲವು ಮಕ್ಕಳಿಗೆ ಸಾಲುವಷ್ಟು ಲಸಿಕೆ ಇರುತ್ತದೆ. ಮಕ್ಕಳು ಕೂಡದೆ ಅದನ್ನು ಒಡೆಯಬಾರದೆಂಬುದು ನಿಯಮ, ಒಡೆದ ಮೇಲೆ ಉಳಿದದ್ದು ನಾಳೆಗೆ ಬರುವುದಿಲ್ಲ. ನಾನು ಒಡೆದೆ. ಅವಳು ಮುಖ ಆಚೆ ತಿರುಗಿಸಿ ಮಗಳ ತೋಳನ್ನು ಗಟ್ಟಿಯಾಗಿ ಹಿಡಿದಳು. ಚುಚ್ಚಿದೆ. ಕೂಸು ಅತ್ತಿತು. ಅವಳು ಅದನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತ, ಮನೆಯ ಕಡೆ ಹೋದಳು.

ಕತ್ತಲಾಗುವವರೆಗೆ ಕಾದೆ. ಆ ಓಣಿಯಲ್ಲಿ ಅಂದು ಚುಚ್ಚಿದ್ದು ಅದೊಂದೇ ಕೂಸಿಗೆ. ಸೀಸೆಯಲ್ಲಿ ಉಳಿದದ್ದನ್ನು ಕಟ್ಟೆಯ ಬುಡದ ಮಣ್ಣಿಗೆ ಚೆಲ್ಲಿ, ಡಬ್ಬಿ ಎತ್ತಿಕೊಂಡು ಬಸ್ಸಿನ ಕಡೆ ನಡೆದೆ.